ದಾದಿಯರ ಗುರುವಾದ ಫ್ಲಾರೆನ್ಸ್ ನೈಟಿಂಗೇಲ್

ಮನೆಯಲ್ಲಿ ಒಬ್ಬರು ಕಾಯಿಲೆಯಿಂದ ಮಲಗಿದರೆ ನಾವು ದೇವರಿಗೆ ಮೊರೆಯಿಡುತ್ತೇವೆ. ಮನೆಯ ಮದ್ದಿನಿಂದ ಗುಣವಾಗದಿದ್ದರೆ ಸಾಲಮಾಡಿಯಾದರೂ ಆಸ್ಪತ್ರೆಗೆ ಒಯ್ಯುತ್ತೇವೆ. ಅಲ್ಲಿಯ ಹಾಸಿಗೆಯ ಮೇಲೆ ರೋಗಿಯನ್ನು ಮಲಗಿಸಿದ ಕೂಡಲೇ ನಮ್ಮ ಎದೆಯ ಭಾರವು ಅರ್ಧ ಇಳಿಯುತ್ತದೆ. ತಿಳಿದವರ ಕೈಗೆ ಒಪ್ಪಿಸಿದ್ದೇವೆ, ಇನ್ನು ಭಯವಿಲ್ಲವೆಂದು ನೆಮ್ಮದಿಗೊಳ್ಳುತ್ತೇವೆ. ಆದರೆ ಗುಣವಾಗುವದಕ್ಕೆಂದು ಸೇರಿದ ಸ್ಥಳದಲ್ಲಿಯೇ ರೋಗಿಗೆ ಹೊಸ ಕೇಡು ತಗಲಿದರೆ ಏನು ಹೇಳೋಣ? ಒಬ್ಬನಿಗೆ ಕೊಡತಕ್ಕ ಮದ್ದನ್ನು ಇನ್ನೊಬ್ಬನಿಗೆ ಕೊಡುವದು, ತೊಳೆಯದ ಕೈಯಿಂದ ಗಾಯವನ್ನು ಮುಟ್ಟುವದು, ಹೊರಳಲಾರದವನನ್ನು ಹೊರಳಿಸದೆ ಬಿಟ್ಟು ಬೆನ್ನಿನಲ್ಲಿ ಹುಣ್ಣಾಗುವಂತೆ ಮಾಡುವದು, ಇಂಥ ತಪ್ಪುಗಳು ಲೋಕದ ಎಲ್ಲಾ ದೇಶಗಳಲ್ಲಿ ಇಂದಿಗೂ ಸಂಭವಿಸುತ್ತವೆ. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯವರು 2019ರಿಂದ ಪ್ರತಿವರುಷ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತೆಯ ದಿನವಾಗಿ ನೇಮಿಸಿದ್ದಾರೆ. ಆದರೆ ಇದಕ್ಕೆ ನೂರೈವತ್ತು ವರುಷಗಳಿಗೂ ಹಿಂದೆಯೇ, ಆಸ್ಪತ್ರೆಯಾದದ್ದು ಮೊಟ್ಟಮೊದಲು ರೋಗಿಗೆ ಹಾನಿಮಾಡದೆ ಇರಬೇಕೆಂಬದನ್ನು ದಾದಿಯರ ವಿದ್ಯೆಗೆ ಅಸ್ತಿವಾರವಾಗಿ ಇಟ್ಟ ಒಬ್ಬ ಕ್ರೈಸ್ತ ಸ್ತ್ರೀ ಇದ್ದಳು. ಆಕೆಯ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಆ ಊರಿನ ಹೆಸರನ್ನೇ ತಂದೆತಾಯಿಗಳು ಮಗುವಿಗೆ ಇಟ್ಟರು. ಅವರು ಇಂಗ್ಲೆಂಡಿನ ಐಶ್ವರ್ಯವಂತರು. ಡರ್ಬಿಶಯರಿನಲ್ಲಿ ಒಂದು, ಹ್ಯಾಂಪ್‌ಶಯರಿನಲ್ಲಿ ಒಂದು ದೊಡ್ಡ ಮನೆಯುಳ್ಳವರು. ತಂದೆಯಾದ ವಿಲಿಯಂ ನೈಟಿಂಗೇಲನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ತಾನೇ ಗುರುವಾಗಿ ಗ್ರೀಕ್, ಲತೀನ್ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಫ್ಲಾರೆನ್ಸಳಿಗೆ ಗಣಿತದಲ್ಲಿ ಬಹಳ ಆಸಕ್ತಿ ಇತ್ತು. ಈ ಲೆಕ್ಕದ ವಿದ್ಯೆಯು ಮುಂದೆ ಅನೇಕರ ಪ್ರಾಣವನ್ನು ಉಳಿಸುವ ಆಯುಧವಾಗುವದೆಂದು ಆಗ ಯಾರೂ ತಿಳಿಯಲಿಲ್ಲ.

ಆಕೆಗೆ ಹದಿನಾರು ವರುಷ ಪ್ರಾಯವಿದ್ದಾಗ, 1837ರ ಫೆಬ್ರವರಿ 7ರಂದು, ದೇವರು ತನ್ನನ್ನು ತನ್ನ ಸೇವೆಗೆ ಕರೆದನೆಂದು ಆಕೆಯ ಮನಸ್ಸಿಗೆ ಸ್ಪಷ್ಟವಾಯಿತು. ಆದರೆ ಆ ಸೇವೆ ಯಾವದೆಂಬದು ತಿಳಿಯಲಿಲ್ಲ. ಬಾಲಕನಾದ ಸಮುವೇಲನಿಗೆ ಕರೆ ಬಂದ ರಾತ್ರಿಯಲ್ಲಿಯೇ ಉತ್ತರವೂ ದೊರಕಿತು. ಈಕೆಯಾದರೋ ವರುಷಗಟ್ಟಲೆ ಕಾಯಬೇಕಾಯಿತು. ರೋಗಿಗಳ ಶುಶ್ರೂಷೆಯೇ ತನ್ನ ಕೆಲಸವೆಂದು ನಿಶ್ಚಯವಾದ ಮೇಲೆ 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ಕಲಿಯುವದಕ್ಕೆ ಅಪ್ಪಣೆ ಕೇಳಿದಳು. ಮನೆಯವರು ಹೌಹಾರಿದರು. ಅದಕ್ಕೆ ಕಾರಣವೂ ಇತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಆ ಕೆಲಸಕ್ಕೆ ಬರುವವರಲ್ಲಿ ಅನೇಕರು ವಿದ್ಯೆಯಿಲ್ಲದವರೂ ಕುಡಿತಕ್ಕೆ ಒಳಗಾದವರೂ ಆಗಿದ್ದರು. ಕಲಿಯಬೇಕೆಂದರೆ ಕಲಿಸುವ ಶಾಲೆಯೂ ಇರಲಿಲ್ಲ. ಒಬ್ಬ ಯೋಗ್ಯ ಗೃಹಸ್ಥನು ಆಕೆಯನ್ನು ಮದುವೆಯಾಗಬೇಕೆಂದು ಬಹುಕಾಲ ಕೇಳಿಕೊಂಡರೂ 1849ರಲ್ಲಿ ಆಕೆಯು ಅದನ್ನು ನಿರಾಕರಿಸಿ ಕನ್ಯೆಯಾಗಿಯೇ ಉಳಿದಳು.

ನಮ್ಮ ನಾಡಿಗೆ ಬಾಸೆಲ್ ಮಿಶನಿನ ಸೇವಕರು 1834ರಲ್ಲಿ ಬಂದು ಮಂಗಳೂರಿನಲ್ಲಿ ಇಳಿದ ಸಂಗತಿಯನ್ನು ವಾಚಕರು ಬಲ್ಲರು. ಅದಕ್ಕೆ ಎರಡು ವರುಷಗಳ ತರುವಾಯ, 1836ರಲ್ಲಿ, ಜರ್ಮನಿ ದೇಶದ ಕೈಸರ್ಸ್‌ವೆರ್ತ್ ಎಂಬ ಚಿಕ್ಕ ಊರಿನಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯವರು ಸಭಾಸೇವಕಿಯರ ಮನೆಯೊಂದನ್ನು ಸ್ಥಾಪಿಸಿದ್ದರು. ಪೌಲನ ಕಾಲದಲ್ಲಿ ಕೆಂಖ್ರೆಯ ಸಭೆಗೆ ಸೇವಕಿಯಾಗಿದ್ದ ಫೊಯಿಬೆಯ ಮಾದರಿಯಂತೆ ರೈತರ ಮತ್ತು ಕೈಕೆಲಸದವರ ಹೆಣ್ಣುಮಕ್ಕಳು ಅಲ್ಲಿಗೆ ಬಂದು, ರೋಗಿಗಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಸೆರೆಮನೆಯಿಂದ ಬಿಡುಗಡೆಯಾದ ಸ್ತ್ರೀಯರನ್ನೂ ನೋಡಿಕೊಳ್ಳುತ್ತಿದ್ದರು. 1850ರಲ್ಲಿ ಫ್ಲಾರೆನ್ಸಳು ಆ ಸ್ಥಳವನ್ನು ಕಂಡಳು. ಮರುವರುಷ ಅಲ್ಲಿಗೆ ತಿರಿಗಿ ಹೋಗಿ ಮೂರು ತಿಂಗಳು ಉಳಿದು ಕಲಿತಳು. ಆ ಸೇವಕಿಯರ ಭಕ್ತಿಯೂ ತ್ಯಾಗವೂ ತಾನು ಬೇರೆಲ್ಲಿಯೂ ಕಾಣದಂಥವೆಂದು ಆಕೆಯು ಕೊನೆಯ ತನಕ ಹೇಳುತ್ತಿದ್ದಳು. ಅದರೊಂದಿಗೆ ಅಲ್ಲಿಯ ಆಸ್ಪತ್ರೆಯ ಶುಚಿತ್ವವು ಬಹಳ ಕೆಟ್ಟದ್ದಾಗಿತ್ತೆಂದು ಹೇಳುವದಕ್ಕೂ ಹಿಂಜರಿಯಲಿಲ್ಲ. ಪ್ರೀತಿಯು ಬೇಕು, ಆದರೆ ತಿಳುವಳಿಕೆಯಿಲ್ಲದ ಪ್ರೀತಿಯು ರೋಗಿಯನ್ನು ಕಾಪಾಡಲಾರದೆಂಬ ಪಾಠವನ್ನು ಆಕೆಯು ಅಲ್ಲಿಂದಲೇ ಹೊತ್ತುತಂದಳು.

1853ರಲ್ಲಿ ಆಕೆಯು ಲಂಡನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಅಷ್ಟರಲ್ಲಿ ಯುದ್ಧವು ಬಂತು. ಬ್ರಿಟಿಷರೂ ಫ್ರೆಂಚರೂ ತುರ್ಕರ ಪಕ್ಷವಾಗಿ ರಶಿಯದವರ ಸಂಗಡ ಕ್ರಿಮಿಯದಲ್ಲಿ ಯುದ್ಧ ಮಾಡುತ್ತಿದ್ದರು. ಗಾಯಪಟ್ಟ ಸಿಪಾಯಿಗಳು ನೋಡುವವರಿಲ್ಲದೆ ಸಾಯುತ್ತಾರೆಂಬ ವರ್ತಮಾನವು ಪತ್ರಿಕೆಗಳಲ್ಲಿ ಪ್ರಕಟವಾಗಲು ದೇಶವೆಲ್ಲಾ ಮರುಗಿತು. ಯುದ್ಧಖಾತೆಯ ಮಂತ್ರಿಯಾದ ಸಿಡ್ನಿ ಹರ್ಬರ್ಟನ ಕೋರಿಕೆಯ ಮೇರೆಗೆ ಆಕೆಯು 38 ಮಂದಿ ಸ್ತ್ರೀಯರನ್ನು ಕೂಡಿಸಿಕೊಂಡು 1854ರ ಅಕ್ಟೋಬರ್ 21ರಂದು ಹೊರಟಳು. ಅವರಲ್ಲಿ 14 ಮಂದಿ ಆಸ್ಪತ್ರೆಯ ದಾದಿಯರು. ಮಿಕ್ಕವರು ರೋಮನ್ ಮತ್ತು ಆಂಗ್ಲಿಕನ್ ಸಭೆಗಳ ಸಹೋದರಿಯರು. ನವೆಂಬರ್ 4ರಂದು ಅವರು ಕಾನ್‌ಸ್ಟಾಂಟಿನೋಪಲಿನ ಎದುರುದಡದಲ್ಲಿರುವ ಸ್ಕುಟಾರಿಗೆ ಮುಟ್ಟಿದರು.

ಅಲ್ಲಿ ಕಂಡದ್ದನ್ನು ಏನೆಂದು ವರ್ಣಿಸೋಣ? ಸೈನ್ಯದ ಒಂದು ದೊಡ್ಡ ಬಿಡಾರವನ್ನೇ ಆಸ್ಪತ್ರೆಯಾಗಿ ಮಾಡಿದ್ದರು. ಸಾವಿರಾರು ರೋಗಿಗಳು ಸಾಲುಸಾಲಾಗಿ ಮಲಗಿದ್ದರು. ತೊಳೆಯುವದಕ್ಕೆ ಬೋಗುಣಿಯಿಲ್ಲ, ಸಾಬೂನಿಲ್ಲ, ಒರಸುವದಕ್ಕೆ ಬಟ್ಟೆಯಿಲ್ಲ, ಉಡುವದಕ್ಕೆ ಶುಚಿಯಾದ ಅಂಗಿಯಿಲ್ಲ. ಹುಳುಗಳೂ ಇಲಿಗಳೂ ತುಂಬಿದ್ದವು. ಆಕೆಯು ನೆಲವನ್ನು ಉಜ್ಜಿಸಿದಳು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಹಂಡೆಗಳನ್ನಿರಿಸಿ ಸಿಪಾಯಿಗಳ ಹೆಂಡತಿಯರಿಂದ ಬಟ್ಟೆಗಳನ್ನು ಒಗಿಸಿದಳು. ನಿಶ್ಶಕ್ತರಿಗೆ ಗಂಜಿಯೂ ಸಾರೂ ಹೊತ್ತಿಗೆ ಸರಿಯಾಗಿ ದೊರೆಯುವಂತೆ ಬೇರೆ ಅಡಿಗೆಮನೆಗಳನ್ನು ಮಾಡಿಸಿದಳು. ಸಾಯುವವರ ಮನೆಗಳಿಗೆ ಪತ್ರ ಬರೆದಳು. ಎಲ್ಲರೂ ಮಲಗಿದ ಮೇಲೆ ಕೈಯಲ್ಲಿ ದೀಪವನ್ನು ಹಿಡಿದು ಸಾಲುಗಳ ನಡುವೆ ನಡೆಯುತ್ತಿದ್ದಳು. ಆದದರಿಂದಲೇ ದೀಪ ಹಿಡಿದ ಸ್ತ್ರೀಯೆಂಬ ಹೆಸರು ಆಕೆಗೆ ಬಂತು.

ಆಕೆಯ ಚರಿತ್ರೆಯನ್ನು ಹೇಳುವವರು ಬಹುಮಂದಿ ಇಲ್ಲಿಗೇ ನಿಲ್ಲಿಸಿ ದೀಪವನ್ನು ಕೊಂಡಾಡುತ್ತಾರೆ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಇಷ್ಟೆಲ್ಲಾ ಶುಶ್ರೂಷೆಯಾದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಸತ್ತರು. ಯಾಕಂದರೆ ಆ ಕಟ್ಟಡದ ಕೆಳಗೆ ಹೂತಿದ್ದ ಚರಂಡಿಗಳು ಕಟ್ಟಿಕೊಂಡು ಕೊಳೆತಿದ್ದವು. ಕೆಟ್ಟ ನೀರೂ ಇಕ್ಕಟ್ಟೂ ಸೇರಿ, ಗಾಯದಿಂದ ಬದುಕಿದವರನ್ನು ಭೇದಿಯೂ ಜ್ವರವೂ ಕೊಂದವು. ಮಾರ್ಚ್ ತಿಂಗಳಲ್ಲಿ ಸರಕಾರವು ಕಳುಹಿಸಿದ ಆರೋಗ್ಯದ ಅಧಿಕಾರಿಗಳು ಬಂದು ಚರಂಡಿಗಳನ್ನು ತೊಳಿಸಿ, ಸತ್ತ ಪ್ರಾಣಿಗಳನ್ನು ತೆಗೆಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ದಾರಿ ಮಾಡಿಸಿದರು. ಜೂನ್ ತಿಂಗಳೊಳಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು.

1856ರಲ್ಲಿ ಊರಿಗೆ ತಿರಿಗಿ ಬಂದಾಗ ದೇಶದಲ್ಲೆಲ್ಲಾ ಆಕೆಯ ಕೀರ್ತಿ ಹಬ್ಬಿತ್ತು. ಬೇರೊಬ್ಬಳಾದರೆ ಆ ಹೊಗಳಿಕೆಯಲ್ಲಿಯೇ ವಿಶ್ರಮಿಸುತ್ತಿದ್ದಳು. ಈಕೆಯಾದರೋ ಸತ್ತವರನ್ನು ಮರೆಯಲಿಲ್ಲ. ವಿಲಿಯಂ ಫಾರ್ ಎಂಬ ಅಂಕಿಸಂಖ್ಯೆಯ ಪಂಡಿತನ ಸಹಾಯದಿಂದ ಯಾರು ಎಲ್ಲಿ ಯಾವ ಕಾರಣದಿಂದ ಸತ್ತರೆಂದು ಲೆಕ್ಕಹಾಕಿದಳು. ಯುದ್ಧದಲ್ಲಿ ಸತ್ತ ಬ್ರಿಟಿಷ್ ಸಿಪಾಯಿಗಳಲ್ಲಿ ಹೆಚ್ಚಿನ ಪಾಲು ಶತ್ರುವಿನ ಗುಂಡಿನಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂಬದು ಬೈಲಿಗೆ ಬಂತು. ತಾನು ಮೇಲ್ವಿಚಾರಣೆ ಮಾಡಿದ ಆಸ್ಪತ್ರೆಯ ಲೆಕ್ಕವು ತನ್ನ ಕೀರ್ತಿಗೆ ಅನುಕೂಲವಾಗಿರದಿದ್ದರೂ ಆಕೆಯು ಅದನ್ನು ಮುಚ್ಚಿಡಲಿಲ್ಲ. ಓದಲಾರದವರ ಕಣ್ಣಿಗೂ ಬೀಳುವಂತೆ ಬಣ್ಣದ ಚಿತ್ರವಾಗಿ ಬರೆಯಿಸಿ ಅಧಿಕಾರಿಗಳ ಮುಂದಿಟ್ಟಳು. 1858ರಲ್ಲಿ ಅಂಕಿಸಂಖ್ಯೆಯ ಪಂಡಿತರ ಸಂಘವು ಆಕೆಯನ್ನು ತನ್ನ ಮೊದಲನೆಯ ಸ್ತ್ರೀಸದಸ್ಯಳಾಗಿ ಸೇರಿಸಿಕೊಂಡಿತು. ಈ ಕೆಲಸದ ನಡುವೆಯೇ, ಕ್ರಿಮಿಯದಲ್ಲಿ ಹಿಡಿದ ಜ್ವರದ ಶೇಷವು ಆಕೆಯನ್ನು ಹಾಸಿಗೆಗೆ ಕೆಡವಿತು. ಮುಂದಿನ ಕೆಲಸದ ಬಹುಭಾಗವನ್ನು ಆಕೆಯು ತಾನೇ ರೋಗಿಯಾಗಿದ್ದು ಮಾಡಿದಳೆಂಬದನ್ನು ಮರೆಯಬಾರದು.

ಯುದ್ಧದ ಕಾಲದಲ್ಲಿಯೇ ಜನರು ಕೃತಜ್ಞತೆಯಿಂದ ಸುಮಾರು 45,000 ಪೌಂಡುಗಳನ್ನು ಆಕೆಯ ಹೆಸರಿನಲ್ಲಿ ಕೂಡಿಸಿದ್ದರು. ಆ ಹಣದಿಂದ 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ತೆರೆಯಿತು. ಮೊದಲು ಸೇರಿದವರು 15 ಮಂದಿ. ಕಲಿಕೆಯ ಕಾಲವು ಒಂದು ವರುಷ. ಅವರಿಗೆ ಏನನ್ನು ಕಲಿಸುತ್ತಿದ್ದರೆಂದರೆ, ಗಾಯ ಹುಣ್ಣುಗಳಿಗೆ ಮದ್ದು ಹಾಕಿ ಪಟ್ಟಿ ಕಟ್ಟುವದು, ಶಾಖ ಕೊಡುವದು, ನಿಸ್ಸಹಾಯಕನಾದ ರೋಗಿಯನ್ನು ಮೈಕೈಗೆ ನೋವಾಗದಂತೆ ಹೊರಳಿಸುವದು, ಹಾಸಿಗೆಹುಣ್ಣು ಬಾರದಂತೆ ತಡೆಯುವದು, ಗಂಜಿ ಕಾಸುವದು, ಕೋಣೆಗೆ ಹಗಲೂ ರಾತ್ರಿಯೂ ಗಾಳಿಯಾಡುವಂತೆ ನೋಡುವದು, ಪಾತ್ರೆಗಳನ್ನು ನಿರ್ಮಲವಾಗಿಡುವದು. ಇವೆಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ನಾಡಿ, ಉಸಿರು, ಚರ್ಮ, ನಿದ್ರೆ, ಹಸಿವು, ಮದ್ದಿನ ಪರಿಣಾಮ ಇವುಗಳನ್ನು ಗಮನಿಸಿ ವೈದ್ಯನಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳುವದು.

ಇದಲ್ಲದೆ ಪ್ರತಿ ತಿಂಗಳೂ ಒಬ್ಬೊಬ್ಬಳ ನಡತೆಯ ವಿಷಯವಾಗಿ ಪಟ್ಟಿಯೊಂದನ್ನು ಬರೆಯುತ್ತಿದ್ದರು. ಮದ್ಯಪಾನದಿಂದ ದೂರವಿರುವಳೋ, ಸತ್ಯವನ್ನಾಡುವಳೋ, ಹೊತ್ತಿಗೆ ಸರಿಯಾಗಿ ಬರುವಳೋ, ನಂಬಿಕೆಗೆ ಯೋಗ್ಯಳೋ ಎಂದು ಅದರಲ್ಲಿ ಗುರುತಿಸುತ್ತಿದ್ದರು. ಕೈಯ ಚಾತುರ್ಯದೊಂದಿಗೆ ನಡತೆಯನ್ನೂ ಯಾಕೆ ಪರೀಕ್ಷಿಸಬೇಕೆಂದು ಕೇಳುವಿರೋ? ಯಾಕಂದರೆ ರಾತ್ರಿಯಲ್ಲಿ ಮದ್ದು ಕೊಡುವದನ್ನು ಮರೆತ ದಾದಿಯು ಬೆಳಿಗ್ಗೆ ಕೊಟ್ಟೆನೆಂದು ಸುಳ್ಳು ಹೇಳಿದರೆ, ವೈದ್ಯನು ಆ ಸುಳ್ಳನ್ನು ನಂಬಿ ಮದ್ದಿನ ಪ್ರಮಾಣವನ್ನು ಹೆಚ್ಚಿಸುವನು. ಪ್ರಾಣವು ಹೋಗುವದು ರೋಗಿಯದು. ಆದದರಿಂದ ಆಸ್ಪತ್ರೆಯಲ್ಲಿ ಸತ್ಯವೆಂಬದು ನೀತಿಯ ಮಾತು ಮಾತ್ರವಲ್ಲ, ಅದೇ ರೋಗಿಯ ಕಾವಲು.

ದಾದಿಯರಿಗೆ ಮಾತ್ರವಲ್ಲದೆ ಮನೆಯಲ್ಲಿ ರೋಗಿಗಳನ್ನು ನೋಡುವ ಎಲ್ಲಾ ಸ್ತ್ರೀಯರಿಗೂ ಉಪಯೋಗವಾಗುವಂತೆ ಶುಶ್ರೂಷೆಯ ವಿಷಯವಾಗಿ ಆಕೆಯು ಬರೆದ ಪುಸ್ತಕವು 1860ರ ಹೊತ್ತಿಗೆ ಪ್ರಕಟವಾಯಿತು. ಮರುವರುಷ ಅದನ್ನು ಬಡ ಕೂಲಿಯವರಿಗಾಗಿ ಸುಲಭಮಾಡಿ, ಶಿಶುವನ್ನು ನೋಡಿಕೊಳ್ಳುವ ಅಧ್ಯಾಯವನ್ನೂ ಕೂಡಿಸಿದಳು. ಮನೆಯ ಆರೋಗ್ಯಕ್ಕೆ ಶುದ್ಧವಾದ ಗಾಳಿ, ಶುದ್ಧವಾದ ನೀರು, ಒಳ್ಳೇ ಚರಂಡಿ, ಶುಚಿತ್ವ, ಬೆಳಕು ಈ ಐದು ಬೇಕೆಂದು ಆಕೆಯ ಬೋಧನೆ. ದಾದಿಯು ಹಗಲಿನಲ್ಲಿ ಅನೇಕಾವರ್ತಿ ಕೈತೊಳೆಯಬೇಕು. ರೋಗಿಯು ತಿನ್ನದ ಆಹಾರವನ್ನು ಮಗ್ಗುಲಲ್ಲಿಯೇ ಬಿಟ್ಟುಹೋಗಬಾರದು. ಬಾಗಲ ಹೊರಗೆ ನಿಂತು ಗುಸುಗುಸು ಮಾತಾಡಿ ಅವನನ್ನು ಕಳವಳಪಡಿಸಬಾರದು. ತಾನು ಹತ್ತಿರವಿದ್ದಾಗ ನಡೆಯುವ ಕೆಲಸವು ತಾನು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡುವವಳೇ ನಿಜವಾದ ಮೇಲ್ವಿಚಾರಕಿಯೆಂದು ಆಕೆಯು ಕಲಿಸಿದಳು. ಇಂದು ದಾದಿಯರು ಒಂದು ಪಾಳಿಯವರಿಂದ ಮತ್ತೊಂದು ಪಾಳಿಯವರಿಗೆ ರೋಗಿಯ ಸಂಗತಿಯನ್ನು ಬರೆದೊಪ್ಪಿಸುವದರ ಉದ್ದೇಶವೂ ಇದೇ.

ಆಕೆಯ ಜೀವಮಾನದಲ್ಲಿ ಅತ್ಯಂತ ಕಠಿಣವಾದ ಪರೀಕ್ಷೆಯು ಇನ್ನೂ ಮುಂದೆ ಇತ್ತು. ಹಳ್ಳಿಗಳ ಬಡ ತಾಯಂದಿರಿಗೆ ಕಲಿತ ಸೂಲಗಿತ್ತಿಯರು ಬೇಕೆಂಬ ಬಯಕೆಯಿಂದ, ಆಕೆಯ ನಿಧಿಯ ಹಣದಿಂದಲೇ ಲಂಡನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗವೂ ಸೂಲಗಿತ್ತಿಯರ ಶಿಕ್ಷಣವೂ ಪ್ರಾರಂಭವಾಗಿದ್ದವು. ಏರ್ಪಾಡು ಚೆನ್ನಾಗಿತ್ತು, ಕಲಿಸುವವರು ನಿಪುಣರಾಗಿದ್ದರು, ಕಲಿಯುವವರೂ ಬರುತ್ತಿದ್ದರು. ಆದರೆ ಹೆತ್ತ ತಾಯಂದಿರಲ್ಲಿ ಬಾಣಂತಿ ಜ್ವರವು ಕಾಣಿಸಿಕೊಂಡಿತು. ಲೆಕ್ಕಮಾಡಿದಾಗ ಸಾವಿರಕ್ಕೆ ಸುಮಾರು 33 ಮಂದಿ ತಾಯಂದಿರು ಸತ್ತದ್ದು ತಿಳಿಯಿತು. ಇಂಗ್ಲೆಂಡ್ ದೇಶದ ಎಲ್ಲಾ ಹೆರಿಗೆಗಳನ್ನು ಕೂಡಿಸಿ ನೋಡಿದರೆ ಸಾವಿರಕ್ಕೆ ಸುಮಾರು 5 ಮಂದಿ ಮಾತ್ರ ಸಾಯುತ್ತಿದ್ದರು. ಎಂದರೆ, ಬಡವಳು ತನ್ನ ಗುಡಿಸಲಿನಲ್ಲಿಯೇ ಹೆತ್ತಿದ್ದರೆ ಬದುಕುವ ಸಂಭವವು ಹೆಚ್ಚಾಗಿತ್ತು!

ಏನು ಮಾಡಬೇಕು? ಶಾಲೆಯನ್ನು ನಡಿಸಿದರೆ ಮುಂದೆ ನೂರಾರು ಹಳ್ಳಿಗಳಿಗೆ ಕಲಿತ ಸೂಲಗಿತ್ತಿಯರು ದೊರೆಯುವರು; ಆದರೆ ಅವರು ಕಲಿಯುವದು ಸಾಯುವ ತಾಯಂದಿರ ಮಂಚದ ಬಳಿಯಲ್ಲಿ. 1867ರಲ್ಲಿ ಆ ವಿಭಾಗವನ್ನು ಮುಚ್ಚಿಬಿಟ್ಟರು. ಕಲಿಯುವವರ ಪ್ರಯೋಜನಕ್ಕಾಗಿ ಒಬ್ಬ ರೋಗಿಯನ್ನಾದರೂ ಅಪಾಯಕ್ಕೆ ಒಪ್ಪಿಸಬಾರದೆಂಬದೇ ಆಕೆಯ ನಿರ್ಣಯವಾಯಿತು. ಆಕೆಯು ಅಷ್ಟಕ್ಕೇ ಬಿಡದೆ ಬೇರೆಬೇರೆ ಆಸ್ಪತ್ರೆಗಳ ಲೆಕ್ಕಗಳನ್ನು ತರಿಸಿ ಹೋಲಿಸಿ 1871ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿದಳು. ಬಾಣಂತಿಯರನ್ನು ಬೇರೆ ರೋಗಿಗಳ ಸಮೀಪದಲ್ಲಿಡಬಾರದು, ಹೆಣವನ್ನು ಕೊಯ್ದು ಕಲಿಯುವ ವಿದ್ಯಾರ್ಥಿಗಳು ನೇರವಾಗಿ ಅವರ ಬಳಿಗೆ ಬರಬಾರದು ಎಂದು ಎಚ್ಚರಿಸಿದಳು.

ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದ ಈ ರೋಗಗಳು ಬರುತ್ತವೆಂಬ ಜ್ಞಾನವು ಆಗ ಇನ್ನೂ ನೆಲೆಗೊಂಡಿರಲಿಲ್ಲ. ವಿಯೆನ್ನದ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿಯೇ, ವೈದ್ಯರು ಸುಣ್ಣದ ಕ್ಲೋರಿನ್ ನೀರಿನಿಂದ ಕೈತೊಳೆದರೆ ಬಾಣಂತಿಯರ ಸಾವು ಕಡಿಮೆಯಾಗುವದೆಂದು ತೋರಿಸಿದ್ದರೂ ಬಹುಮಂದಿ ಕೇಳಲಿಲ್ಲ. ನೈಟಿಂಗೇಲಳು ಸಹ ಬಹುಕಾಲ ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ತಿಳಿದಿದ್ದಳು. ಆ ತಿಳುವಳಿಕೆಯು ತಪ್ಪಾಗಿತ್ತು. ಆದರೆ ಆಕೆಯು ತೋರಿಸಿದ ಉಪಾಯಗಳಾದ ಶುಚಿತ್ವ, ಶುದ್ಧ ನೀರು, ಇಕ್ಕಟ್ಟಿಲ್ಲದ ವಾಸ, ತೊಳೆದ ಕೈ ಇವು ತಪ್ಪಾಗಿರಲಿಲ್ಲ. ಮುಂದೆ 1882ರಲ್ಲಿ ದಾದಿಯರ ಶಿಕ್ಷಣದ ವಿಷಯವಾಗಿ ಬರೆದಾಗ ಕ್ರಿಮಿನಾಶಕ ಮದ್ದುಗಳ ಉಪಯೋಗವನ್ನೂ ಸೇರಿಸಿದಳು. ದೊಡ್ಡ ಹೆಸರಿನವಳಾದರೂ ಹೊಸದನ್ನು ಕಲಿಯುವದಕ್ಕೆ ನಾಚಲಿಲ್ಲ.

ಆಕೆಯು ಹಿಂದೂದೇಶಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ನಮ್ಮ ದೇಶಕ್ಕಾಗಿ ದುಡಿದಷ್ಟು ಕಾಲ ಬೇರೆ ಯಾವದಕ್ಕೂ ದುಡಿಯಲಿಲ್ಲವೆನ್ನಬಹುದು. ಇಲ್ಲಿಯ ದಂಡಿನ ಆರೋಗ್ಯವನ್ನು ವಿಚಾರಿಸುವದಕ್ಕೆ 1859ರಲ್ಲಿ ನೇಮಕವಾದ ಆಯೋಗಕ್ಕೆ ಎಲ್ಲಾ ದಂಡುಗಳಿಂದ ಬಂದ ವರದಿಗಳನ್ನು ಆಕೆಯು ಹಾಸಿಗೆಯ ಮೇಲಿದ್ದೇ ಓದಿದಳು. ಬೆಂಗಳೂರಿನ ದಂಡಿನ ವರದಿಯೂ ಅವುಗಳಲ್ಲಿ ಇತ್ತು. ಕುಡಿಯುವದಕ್ಕೆ ಬಳಸುತ್ತಿದ್ದ ಹಲಸೂರು ಕೆರೆಗೆ ಬಜಾರಿನ ಹೊಲಸೆಲ್ಲಾ ಹರಿದು ಸೇರುತ್ತದೆಂದು ಅದರಿಂದ ತಿಳಿದುಬಂತು. ದೇಶದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ವರುಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ನೀರು ಚರಂಡಿಗಳ ಸುಧಾರಣೆಯಾದ ಮೇಲೆ, ಸುಮಾರು ಹತ್ತು ವರುಷಗಳಲ್ಲಿ ಅದು 18ಕ್ಕೆ ಇಳಿಯಿತು. ಸಿಪಾಯಿಗಳಿಗೆ ಮಾಡಿದ್ದು ಸಾಲದು, ರೈತರ ಹಳ್ಳಿಗಳಿಗೂ ಒಳ್ಳೇ ನೀರೂ ಶುಚಿತ್ವವೂ ಬೇಕೆಂದು ಆಕೆಯು ಮುಪ್ಪಿನ ವರೆಗೂ ಅಧಿಕಾರಿಗಳಿಗೆ ಬರೆಯುತ್ತಲೇ ಇದ್ದಳು.

ಕಡೆಯ ವರುಷಗಳಲ್ಲಿ ಆಕೆಯ ಕಣ್ಣು ಕಾಣದೆ ಹೋಯಿತು. 1907ರಲ್ಲಿ ಅರಸನು ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಕೊಟ್ಟನು; ಆ ಬಿರುದನ್ನು ಪಡೆದ ಮೊದಲನೆಯ ಸ್ತ್ರೀ ಆಕೆಯೇ. 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ, ಆಕೆಯು ನಿದ್ರೆಹೋದಳು. ಅರಸರನ್ನು ಹೂಳಿಡುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುತ್ತೇವೆಂದರೂ ಬಂಧುಗಳು ಒಪ್ಪದೆ, ಆಕೆಯ ಇಷ್ಟದಂತೆ ಹ್ಯಾಂಪ್‌ಶಯರಿನ ಒಂದು ಹಳ್ಳಿಯ ದೇವಾಲಯದ ಅಂಗಳದಲ್ಲಿ ಹೂಳಿಟ್ಟರು. ಸಮಾಧಿಯ ಕಲ್ಲಿನಲ್ಲಿ ಆಕೆಯ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ, ಸತ್ತ ವರುಷಗಳೂ ಇವೆ. ಹೊಗಳಿಕೆಯ ಮಾತು ಒಂದೂ ಇಲ್ಲ. ಆಕೆಯ ಜನ್ಮದಿನವಾದ ಮೇ 12ನ್ನು ಲೋಕವೆಲ್ಲಾ ದಾದಿಯರ ದಿನವಾಗಿ ಆಚರಿಸುತ್ತದೆ.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ನಮ್ಮ ಸಭೆಗಳಿಂದ ಅನೇಕ ಹೆಣ್ಣುಮಕ್ಕಳು ದಾದಿಯರ ಶಾಲೆಗಳಿಗೆ ಹೋಗುತ್ತಾರೆ. ತಂದೆತಾಯಿಗಳೇ, ಸಂಬಳ ಎಷ್ಟೆಂಬದನ್ನು ಮಾತ್ರ ಅವರನ್ನು ಕೇಳಬೇಡಿರಿ. ತಪ್ಪಾದರೆ ಒಪ್ಪಿಕೊಳ್ಳುವ ಧೈರ್ಯವನ್ನು ಮನೆಯಲ್ಲಿಯೇ ಕಲಿಸಿ ಕಳುಹಿಸಿರಿ. ಹಾಲಿನ ಗಡಿಗೆಯನ್ನು ಒಡೆದ ಮಗುವು ಹೆದರಿ ಸುಳ್ಳು ಹೇಳುವಂತೆ ಹೊಡೆದು ಬೆಳೆಸಿದರೆ, ಅದೇ ಮಗುವು ನಾಳೆ ಮದ್ದಿನ ತಪ್ಪನ್ನೂ ಮುಚ್ಚಿಡುವದು. ಮೇಲಿನವರೂ ತಪ್ಪೊಪ್ಪಿಕೊಂಡವಳನ್ನು ನಾಚಿಕೆಪಡಿಸದೆ, ಆ ತಪ್ಪು ತಿರಿಗಿ ಆಗದಂತೆ ದಾರಿ ಹುಡುಕಬೇಕು.

ರೋಗಿಗಳನ್ನು ಕಾಣಹೋಗುವ ಉಪದೇಶಿಗಳಾದ ನಮಗೂ ಇದರಲ್ಲಿ ಬುದ್ಧಿಯುಂಟು. ಏನೂ ತಿಳಿಯದೆ ಬರಿದಾದ ಭರವಸೆಯ ಮಾತುಗಳನ್ನಾಡಿ ರೋಗಿಯನ್ನು ದಣಿಸುವವರನ್ನು ಆಕೆಯು ತನ್ನ ಪುಸ್ತಕದಲ್ಲಿ ಬಹಳವಾಗಿ ಗದರಿಸಿದ್ದಾಳೆ. ಅದನ್ನು ಓದಿದಾಗ, ಎಷ್ಟೋ ಮಂಚಗಳ ಬಳಿಯಲ್ಲಿ ದೀರ್ಘವಾಗಿ ಮಾತಾಡಿದ ನಾನು ತಲೆತಗ್ಗಿಸಿದೆನು. ಕೈತೊಳೆದುಕೊಂಡು ಹೋಗಿ, ಸ್ವಲ್ಪವೇ ಮಾತಾಡಿ, ಪ್ರಾರ್ಥಿಸಿ, ಕುಡಿಯುವದಕ್ಕೆ ನೀರಿದೆಯೋ ಎಂದು ನೋಡಿ ಬರುವದು ಎಷ್ಟೋ ಮೇಲು.

ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಕಂಡ ಸಮಾರ್ಯದವನು ಮರುಗಿದ್ದು ಮಾತ್ರವಲ್ಲ. ಗಾಯವನ್ನು ಕಟ್ಟಿದನು, ಛತ್ರಕ್ಕೆ ಒಯ್ದನು, ತಾನು ಹೋದ ಮೇಲೆಯೂ ಆರೈಕೆ ನಡೆಯುವಂತೆ ಹಣಕೊಟ್ಟು ಏರ್ಪಾಡು ಮಾಡಿದನು. ಕರುಣೆಯೂ ಎಚ್ಚರಿಕೆಯೂ ಕೂಡಿದ ಅಂಥ ಸೇವೆಯನ್ನು ನಮ್ಮ ಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ನಡಿಸುವಂತೆ, ಮಹಾವೈದ್ಯನಾದ ಕರ್ತನು ನಮ್ಮೆಲ್ಲರ ಕೈಗಳನ್ನು ಶುದ್ಧಮಾಡಿ ಉಪಯೋಗಿಸಲಿ. ಆಮೆನ್.